ತಿರಕಪ್ಪನ ಉಸುಕು

ಹೊಳೆಯ ನಡುವಿನ ಉಸುಕಿನ ದಿಬ್ಬಕ್ಕೆ ಹೋಗಬೇಕು. ಅಲ್ಲಿ ಮಣ್ಣಾಗಿರುವ ಗಂಡನ ಮುಂದೆ ಎಡೆ ಇಡಬೇಕು. ಕಾಗೆ ಬಂದು ಮುಟ್ಟುವುದನ್ನು ಕಣ್ಣಾರೆ ಕಾಣಬೇಕು. ಮಾದರ ಹುಚ್ಚವ್ವನಿಗೆ ಈ ಭೂಮಿಯ ಮೇಲೆ ಉಳಿದಿದ್ದ ಆಸೆ ಇದೊಂದೇ. ಇದೇನು ದೊಡ್ಡ ಆಸೆಯೇ? ದಂಡೆಯ ಮೇಲೆ ನಿಂತು ಕೂಗಿದರೆ ದಿಬ್ಬದ ಮೇಲಿನ ಹಕ್ಕಿ ಬೆದರಿ ಹಾರುತ್ತಿತ್ತು, ಅಷ್ಟು ಹತ್ತಿರ. ಆದರೂ ಒಂಬತ್ತು ವರ್ಷ ಆಕೆಗೆ ಅಲ್ಲಿಗೆ ಹೋಗಲಾಗಿರಲಿಲ್ಲ.

ಮುಂಡರಗಿಯ ಸೀಮೆಯ ಉಸುಕಿನಹಾಳದ ಹತ್ತಿರ ತುಂಗಭದ್ರೆ ಎರಡು ಕವಲಾಗಿ ಹರಿಯುತ್ತಾಳೆ. ನಡುವೆ ಮಳೆಗಾಲದಲ್ಲಿ ಮುಳುಗಿ, ದೀಪಾವಳಿಯ ಹೊತ್ತಿಗೆ ಬೆನ್ನು ತೋರಿಸುವ ಬಿಳಿ ಉಸುಕಿನ ದಿಬ್ಬ. ಅಲ್ಲಿ ನೆರಳಿಗೊಂದು ಮರವಿಲ್ಲ, ಗುಡಿಸಲಿಲ್ಲ, ಬಿತ್ತುವವರಿಲ್ಲ, ಬೆಳೆಯುವವರಿಲ್ಲ. ನಾಲ್ಕು ಪೊದೆ ಆಪು ಹುಲ್ಲು, ನೀರಹಕ್ಕಿಗಳ ಹೆಜ್ಜೆ, ಮೇಲ್ತುದಿಯಲ್ಲಿ ಎಂಥ ಹೊಳೆ ಬಂದರೂ ಜಗ್ಗದ ಒಂದು ಕರಿ ಬಂಡೆ. ಆಚೆಯ ಕವಲನ್ನು ನೀರಿಳಿದ ಮೇಲೆ ಸೀರೆ ಎತ್ತಿಕಟ್ಟಿ ದಾಟಬಹುದು. ಈಚೆ ದಂಡೆಗೆ ಮಾತ್ರ ಎಂದೂ ಬತ್ತದ ಮಡು. ಅದನ್ನು ದಾಟಬೇಕೆಂದರೆ ಹರಿಗೋಲೇ ಬೇಕು. ಹರಿಗೋಲಿನಲ್ಲಿ ಮಾದರ ಕೇರಿಯವರು ಕೂರುವಂತಿರಲಿಲ್ಲ.

ಹರಿಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ, ಅಷ್ಟೇ. ಬುಟ್ಟಿಯನ್ನು ತೇಲಿಸುವುದು ಅದಕ್ಕೆ ಹೊದಿಸಿದ ಎಮ್ಮೆಯ ತೊಗಲು. ಸತ್ತ ಎಮ್ಮೆಯನ್ನು ಎಳೆದು ತಂದು ಸುಲಿದು, ಸುಣ್ಣದ ನೀರಿನಲ್ಲಿ ನೆನೆಸಿ, ತಂಗಡಿ ತೊಗಟೆಯಲ್ಲಿ ಹದ ಮಾಡಿ, ಬಾರಿನಿಂದ ಹೊಲಿದು, ಹೊಲಿಗೆಯ ಸಂದಿಗೆ ಕೊಬ್ಬು ಮೆತ್ತುವವರು ಮಾದರು. ಊರ ಗೌಡರು, ಶೆಟ್ಟರು, ಗುಡಿಯ ಪೂಜಾರಪ್ಪ ಎಲ್ಲರೂ ಆ ತೊಗಲಿನ ಮೇಲೆ ಅಂಗಾಲೂರಿ ಕುಂತು ಹೊಳೆ ದಾಟುತ್ತಿದ್ದರು. ತೊಗಲಿಗೆ ಮೈಲಿಗೆ ಇರಲಿಲ್ಲ. ಹೊಲಿದ ಕೈಗೆ ಇತ್ತು. ಕೇರಿಯ ಗಂಡಸರು ದಾಟಲೇಬೇಕಾದಾಗ ಸೊಂಟಕ್ಕೆ ಒಣ ಸೋರೆ ಬುರುಡೆ ಕಟ್ಟಿಕೊಂಡು, ಹರಿಗೋಲಿನ ಅಂಚಿನಿಂದ ಇಳಿಬಿಟ್ಟ ತೊಗಲ ಹಗ್ಗದ ಮಿಣಿ ಹಿಡಿದು, ಹಿಂದೆ ಈಸುತ್ತ ಬರುತ್ತಿದ್ದರು. ಹೆಂಗಸರಿಗೆ ಆ ಮಿಣಿಯೂ ಇರಲಿಲ್ಲ. ದಂಡೆಯೇ ಅವರ ಗಡಿ.

ಹುಚ್ಚವ್ವನ ಗಂಡ ತಿರಕಪ್ಪ ಸತ್ತದ್ದು ಆ ಮಿಣಿ ಹಿಡಿದು ಹೋದಾಗಲೇ. ಅದೂ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ.

ಅಂದಪ್ಪಗೌಡ ಊರಿನ ಗೌಡ. ಸುತ್ತಿನ ಹಳ್ಳಿಗಳಲ್ಲಿ ಖಾದಿ ಟೋಪಿ ಹಾಕಿದವರಲ್ಲಿ ಮೊದಲಿಗ. ಕಡವಿನ ಲಿಲಾವು ಹಿಡಿದವನೂ ಆತನೇ. ಅಂದರೆ ಹರಿಗೋಲು ಆತನದು, ಹುಟ್ಟು ಹಾಕುವ ದಸ್ತಗೀರಸಾಬ ಆತನ ಕೂಲಿಯಾಳು. ಧ್ವಜ ಏರಿಸಿ ಭಾಷಣ ಮಾಡಲು ಆಚೆ ದಂಡೆಯಿಂದ ಒಬ್ಬ ದೊಡ್ಡ ಮನುಷ್ಯನನ್ನು ಕರೆತರಬೇಕಿತ್ತು. ಮಳೆಗಾಲದ ಹೊಳೆ ಕೆಂಪಗೆ ಉಕ್ಕುತ್ತಿತ್ತು. ಹರಿಗೋಲಿನ ಒಂದು ಹೊಲಿಗೆ ಸಡಿಲಾಗಿದ್ದರಿಂದ, ನಡುನೀರಿನಲ್ಲಿ ಏನಾದರೂ ಆದರೆ ಇರಲಿ ಎಂದು ತಿರಕಪ್ಪನಿಗೆ ಹೇಳಿಕಳಿಸಿದರು. ಹೋಗುವಾಗ ಆತ ಹೊರಗೆ. ಬರುವಾಗಲೂ ಹೊರಗೆ. ಒಳಗೆ ಗೌಡ, ಭಾಷಣದವನು, ಆತ ಉಡುಗೊರೆಯಾಗಿ ತಂದ ಹೊಸ ಧ್ವಜ.

ನಡುಹೊಳೆಯಲ್ಲಿ ಹೊಲಿಗೆ ಬಿಚ್ಚಿತು. ನೀರು ಒಳಗೆ ಚಿಮ್ಮಿತು. ತಿರಕಪ್ಪ ಹೊರಗಿನಿಂದ ಎರಡೂ ಕೈಯಲ್ಲಿ ಹೊಲಿಗೆಯನ್ನು ಒತ್ತಿ ಹಿಡಿದ. ಮಿಣಿ ಬಿಡದೆ ಎರಡು ಕೈ ಎಲ್ಲಿಂದ ಬರಬೇಕು? ಹರಿಗೋಲು ತಿರುಗುತ್ತ ತಿರುಗುತ್ತ ದಂಡೆಯ ಸಮೀಪಕ್ಕೆ ಬರುವ ತನಕ ಆತ ಅಲ್ಲೇ ತೊಗಲಿಗೆ ಎದೆ ಹಚ್ಚಿಕೊಂಡಿದ್ದನಂತೆ. ಆಮೇಲೆ ತೇಲಿಬಂದ ಮರದ ಬೊಡ್ಡೆಯೊಂದು ಬಡಿಯಿತು. ಸೋರೆ ಬುರುಡೆಗಳು ಮಾತ್ರ ಕುಣಿಯುತ್ತ ಕೆಳಗೆ ಹೋದವು.

ಒಳಗಿದ್ದವರು ಒಣಗಿದ ಬಟ್ಟೆ ಉಟ್ಟು ಧ್ವಜ ಏರಿಸಿದರು. ಎಷ್ಟೋ ಜನರ ತ್ಯಾಗದಿಂದ ಈ ದಿನ ಬಂದಿದೆ ಎಂದು ಭಾಷಣದವನು ಕಣ್ಣೊರೆಸಿಕೊಂಡ. ಸಕ್ಕರೆ ಹಂಚಿದರು. ದಸ್ತಗೀರಸಾಬ ಮಾತ್ರ ಸಕ್ಕರೆಗೆ ಕೈಚಾಚದೆ ಕೇರಿಯ ಬಾಯಿಗೆ ಬಂದು, ತಲೆಯ ಮೇಲೆ ಕೈಹೊತ್ತು ಕುಂತುಬಿಟ್ಟ. ಅವನನ್ನು ನೋಡಿಯೇ ಹುಚ್ಚವ್ವನಿಗೆ ತಿಳಿಯಿತು.

ನೀರು ಇಳಿದ ಮೇಲೆ, ಚಳಿಗಾಲದ ಮೊದಲಿಗೆ, ದಿಬ್ಬದ ಬಂಡೆಯ ಬುಡದಲ್ಲಿ ಆಪಿನ ಬೇರಿಗೆ ಸಿಕ್ಕಿಕೊಂಡ ಎಲುಬುಗಳನ್ನು ದಸ್ತಗೀರಸಾಬನೇ ಕಂಡ. ಉಡದಾರಕ್ಕೆ ಕಟ್ಟಿದ ತೊಗಲು ಹೊಲಿಯುವ ಆರಿಯಿಂದ ಗುರುತಾಯಿತು. ಆಗ ಈಚೆ ದಂಡೆ ಮುಂಬೈ ಸರಕಾರದ್ದು, ಆಚೆ ದಂಡೆ ಮದರಾಸು ಸರಕಾರದ್ದು. ಈಚೆಯ ಪೊಲೀಸ ಪಾಟೀಲ, ದಿಬ್ಬ ನಮ್ಮ ಹದ್ದಿನಾಗ ಬರಂಗಿಲ್ಲ ಎಂದ. ಆಚೆಯವರು, ಸತ್ತವನು ನಮ್ಮ ಮನುಷ್ಯನಲ್ಲ ಎಂದರು. ಒಂದು ಗೇಣು ಹೊಲಕ್ಕೆ ಹೊಡೆದಾಡುವ ಸರಕಾರಗಳು ಒಬ್ಬ ಮಾದರವನನ್ನು ಮಾತ್ರ ಎಷ್ಟು ಸುಲಭವಾಗಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟವು! ಎಲುಬು ಊರಿಗೆ ತರಲು ಗೌಡ ಹರಿಗೋಲು ಕೊಡಲಿಲ್ಲ; ಹೆಣ ಹೊತ್ತ ಹರಿಗೋಲಿಗೆ ಆಮೇಲೆ ಯಾರು ಕಾಲಿಡುತ್ತಾರೆ ಎಂದು ಕೇಳಿದ. ಕೊನೆಗೆ ದಸ್ತಗೀರಸಾಬ ಒಬ್ಬನೇ, ಬಂಡೆಯ ಮರೆಗೆ, ನೀರು ಕೊರೆಯದ ಜಾಗ ನೋಡಿ, ಆಳವಾಗಿ ತೋಡಿ ಮಣ್ಣು ಮಾಡಿದ. ದಂಡೆಯಿಂದ ಹರಿಗೋಲಿನಲ್ಲಿ ದೊಡ್ಡ ಕಲ್ಲುಗಳನ್ನು ಒಯ್ದು ಮೇಲೆ ಒಟ್ಟಿದ. ಕಲ್ಲಿಗೆ ಯಾರ ತಕರಾರೂ ಇರಲಿಲ್ಲ. ತನಗೆ ಬರುತ್ತಿದ್ದ ಪ್ರಾರ್ಥನೆಯನ್ನೇ ಹೇಳಿ, ಆರಿಯನ್ನು ತಂದು ಹುಚ್ಚವ್ವನ ಕೈಗಿಟ್ಟ.

ಹುಚ್ಚವ್ವ ಕೇರಿಯ ಮಸಣದಲ್ಲಿ ಎಡೆ ಇಟ್ಟಳು. ಕಾಗೆಗಳು ಬಂದವು, ಬೇವಿನ ಟೊಂಗೆಯ ಮೇಲೆ ಕುಂತು ಕೊರಳು ಓರೆ ಮಾಡಿ ನೋಡಿದವು, ಹಾರಿಹೋದವು. ಸತ್ತವನ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಆಗ ಉಳಿದವರು ಒಬ್ಬೊಬ್ಬರೇ ಮುಂದೆ ಬಂದು, ಮಗಳ ಲಗ್ನ ನಾ ಮಾಡ್ತೀನಿ, ಎತ್ತು ನಾ ನೋಡ್ಕೋತೀನಿ ಎಂದು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಇಳಿಯುತ್ತದೆ. ಅವತ್ತು ಎಲ್ಲರ ಮಾತೂ ಮುಗಿದವು, ಕಾಗೆ ಇಳಿಯಲಿಲ್ಲ. ಇಲ್ಲಿ ಅವನಿಲ್ಲ, ಮಣ್ಣು ಎಲ್ಲಿ ಆಗೇತೋ ಅಲ್ಲೇ ಇಡಬೇಕವ್ವ ಎಂದು ಕೇರಿಯ ಹಿರಿಯರು ಎದ್ದುಹೋದರು. ಅಂದಿನಿಂದ ಹುಚ್ಚವ್ವ ಹಬ್ಬದ ದಿನ ಒಲೆ ಹೊತ್ತಿಸಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟವಳ ಹಾಗೆ ಇದ್ದಳು. ದಸ್ತಗೀರಸಾಬನನ್ನು ಅದೆಷ್ಟು ಸಲ ಕೇಳಿದಳೋ. ನನಗೇನು ಅಡ್ಡಿಲ್ಲ ತಂಗಿ, ಗೌಡ ನನ್ನ ಹುಟ್ಟು ಕಸಗೊಂಡು ಮನಿಗೆ ಕಳಸ್ತಾನ ಎಂದು ಅವನು ನೆಲ ನೋಡುತ್ತಿದ್ದ.

ಹೀಗೆ ಮಗಳು ದೇವವ್ವ ದೊಡ್ಡವಳಾದಳು, ಶಿಗ್ಲಿಗೆ ಲಗ್ನವಾಗಿ ಹೋದಳು. ಹುಚ್ಚವ್ವನ ಜೊತೆ ಉಳಿದವನು ಮೈದುನ ಲಕ್ಷ್ಮಪ್ಪ ಒಬ್ಬನೇ. ಕನ್ನಡದ ನಾಡೆಲ್ಲ ಒಂದಾಗುವ ವರ್ಷ ಬಂತು.

ಗೌಡನ ತಲೆಗೆ ಒಂದು ಯೋಚನೆ ಹೊಳೆದಿತ್ತು. ನವೆಂಬರ್ ಒಂದರಂದು ಎರಡೂ ದಂಡೆಯ ಜನ ದಿಬ್ಬದ ಮೇಲೆ ಕೂಡಬೇಕು. ಎರಡು ಸರಕಾರಗಳ ನಡುವೆ ಗಡಿಯಾಗಿದ್ದ ಜಾಗದಲ್ಲೇ ಧ್ವಜ ಏರಬೇಕು. ಆಚೆಯ ಮಣ್ಣು ಈಚೆಯ ಮಣ್ಣು ಕಲಸಿ ಧ್ವಜದ ಬುಡಕ್ಕೆ ಹಾಕಬೇಕು. ಹೋಳಿಗೆ ಊಟ ಆಗಬೇಕು. ಯಾರೂ ತಿರುಗಿ ನೋಡದ ಆ ಬೋಳು ಉಸುಕಿನ ಹೆಸರು ಒಮ್ಮೆಲೇ ಗದಗ ತನಕ ಹೋಯಿತು. ಆದರೆ ಹರಿಗೋಲಿನ ತೊಗಲು ಕೊಳೆತು ಹಪ್ಪಳವಾಗಿತ್ತು. ಹದ ಮಾಡಿಟ್ಟ ತೊಗಲು ಇದ್ದದ್ದು ಹುಚ್ಚವ್ವನ ಮನೆಯಲ್ಲಿ. ಮೊದಲು ತಳವಾರ ಬಂದ, ಆಮೇಲೆ ಕೇರಿಯ ಬಾಯಿಯ ಬೇವಿನ ಗಿಡದ ತನಕ ಗೌಡನೇ ಬಂದ. ಜೊತೆಗೆ ನಾಲ್ಕು ಜನ.

ಹುಚ್ಚವ್ವ ದೂರ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು.

“ತೊಗಲು ಕೊಡ್ತೀನ್ರಿ ಗೌಡ್ರ. ಹೊಲದೂ ಕೊಡ್ತೀವಿ. ರೊಕ್ಕ ಬ್ಯಾಡ್ರಿ. ಅದರಾಗ ಕುಂತು ನಾ ದಿಬ್ಬಕ್ಕ ಹೋಗ್ಬೇಕ್ರಿ.”

ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಗೌಡ ನಕ್ಕ.

“ಕುಂಡ್ರಲಾ, ಯಾರ್ ಬ್ಯಾಡಂದಾರ? ಈಗ ಕಾಯ್ದೆ ಆಗೇತಿ ಹುಚ್ಚವ್ವ, ಬ್ಯಾಡಂದ್ರ ನನ್ನ ಒಯ್ದು ಜೇಲಿನಾಗ ಹಾಕ್ತಾರ.”

“ಒಳಗ್ರಿ?”

“ಒಳಗ. ನಾಡು ಒಂದಾದ ಮ್ಯಾಲ ಒಳಗೇನು, ಹೊರಗೇನು.”

ಅವರು ಹೋದ ಮೇಲೆ ಲಕ್ಷ್ಮಪ್ಪ ಬಾರು ಸೀಳುತ್ತ, ಗೌಡ ನಕ್ಕೋಂತ ಹೂಂ ಅಂದದ್ದು ಯಾವುದರ ಇಲ್ಲೀಮಟ ನಡದೈತಾ ಅತ್ತಿಗಿ ಎಂದು ಕೇಳಿದ. ಆಕೆ ಗಂಡನ ಆರಿಯನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದಳು. ತೊಗಲು ಹದ ಮಾಡುವುದು ಹೆಂಗಸರ ಕೆಲಸ, ಹೊಲಿಯುವುದು ಗಂಡಸರದು. ಈ ಸಲ ಆಕೆ ಹೊಲಿಗೆಗೂ ಕುಂತಳು. ಎಲ್ಲಿ ಬಿಚ್ಚಿತ್ತೋ ಆ ಮಗ್ಗುಲಿಗೆ ಎರಡು ಸುತ್ತು ಬಾರು ಹಾಕಿದಳು.

ಆ ದಿನ ಬೆಳಗ್ಗೆ ಹುಚ್ಚವ್ವ ಒಂಬತ್ತು ವರ್ಷದ ಮೇಲೆ ಹಬ್ಬದ ಒಲೆ ಹೊತ್ತಿಸಿದಳು. ಜೋಳದ ರೊಟ್ಟಿ, ತಿರಕಪ್ಪನಿಗೆ ಸೇರುತ್ತಿದ್ದ ಪುಂಡಿ ಪಲ್ಯ, ಒಂದು ಚೂರು ಒಣ ಖಂಡ, ಬೆಲ್ಲ, ಎಲೆ ಅಡಿಕೆ, ಒಂದು ಬೀಡಿ. ಬುಟ್ಟಿಯಲ್ಲಿಟ್ಟು ಮೇಲೆ ತೊಳೆದ ಬಟ್ಟೆ ಮುಚ್ಚಿ ದಂಡೆಗೆ ಬಂದು, ಎಲ್ಲರಿಗಿಂತ ಕೆಳಗಿನ ಮಗ್ಗುಲಿಗೆ ನಿಂತಳು.

ಅಷ್ಟರಲ್ಲಿ ತಳವಾರ ಓಣಿ ಓಣಿಯ ಮಣ್ಣು ಕೂಡಿಸಿಕೊಂಡು ಬಂದಿದ್ದ. ಊರ ಮಣ್ಣೆಲ್ಲ ಹಿತ್ತಾಳೆಯ ಕೊಡದಲ್ಲಿ. ಮಾದರ ಕೇರಿಯ ಮಣ್ಣನ್ನು ಲಕ್ಷ್ಮಪ್ಪನ ಕೈಯಿಂದ ಮುತ್ತಲ ಎಲೆಯ ಮೇಲೆ ಉದುರಿಸಿಕೊಂಡು, ಬೇರೆ ಗಂಟು ಕಟ್ಟಿದ್ದ. ಕೊಡ ಹರಿಗೋಲಿಗೆ ಏರಿತು. ಎಲೆಯ ಗಂಟೂ ಏರಿತು. ಹುಚ್ಚವ್ವ ಮುಂದೆ ಬಂದಳು. ಮುಂದಿನ ಸರತಿಗೆ ಎಂದರು.

ಮುಂದಿನ ಸರತಿಗೆ ಆರತಿ ಹಿಡಿದ ಹೆಣ್ಣುಮಕ್ಕಳು ಹೋದರು. ಅದರ ಮುಂದಿನದಕ್ಕೆ ಅಡುಗೆಯ ಹಂಡೆಗಳು. ಆಮೇಲೆ ಭಜನೆಯವರು, ತಾಳ, ಹಾರ್ಮೋನಿಯಂ. ಪ್ರತಿ ಸರತಿಗೂ ಆಕೆ ಎರಡು ಹೆಜ್ಜೆ ಮುಂದೆ ಬರುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು. ದಸ್ತಗೀರಸಾಬ ದಂಡೆಗೆ ಬಂದಾಗಲೆಲ್ಲ ಆಕೆಯ ಕಡೆ ನೋಡದೆ ನೀರು ನೋಡುತ್ತಿದ್ದ. ಕಿರಾಣಿ ಅಂಗಡಿಯ ಒಬ್ಬ ಹರಿಗೋಲು ಏರುತ್ತ ಚೇಷ್ಟೆ ಮಾಡಿದ.

“ಹುಚ್ಚವ್ವಾ, ಅಲ್ಲೆ ಹೋಳಿಗಿ ಊಟ ಐತಿ. ನಿನ್ನ ರೊಟ್ಟಿ ಯಾರ್ ತಿಂತಾರ?”

“ತಿನ್ನಾಂವ ಅಲ್ಲೇ ಅದಾನ್ರಿ,” ಎಂದಳು ಹುಚ್ಚವ್ವ.

ಕೊನೆಗೆ ಗೌಡ ಬಂದ. ಇಸ್ತ್ರಿಯ ಖಾದಿ, ಹೆಗಲ ಮೇಲೆ ಜರಿಯ ಅಂಚಿನ ಶಲ್ಯ. ಹುಚ್ಚವ್ವನನ್ನು ಕಂಡು ದನಿ ತಗ್ಗಿಸಿ, ಬೈಯದೆ, ಮಕ್ಕಳಿಗೆ ತಿಳಿಹೇಳುವವನ ಹಾಗೆ ಮಾತಾಡಿದ. ಆಚೆ ದಂಡೆಯ ಮಂದಿ ಬಂದಾರ. ಅವರೊಳಗ ಹಳೇ ಕಾಲದವರು ಅದಾರ. ಇವತ್ತೊಂದು ದಿನ ಯಾಕ ಗದ್ದಲ, ಎಲ್ಲಾ ಮುಗೀಲಿ, ಆಮ್ಯಾಲ ನಿನ್ನ ಸರತಿ ಎಂದ. ತೊಗಲು ಹೊಲಿಯೋ ಮುಂದ ಹಿಂಗ ಅಂದಿದ್ದಿಲ್ಲಲ್ರಿ ಎಂದು ಹುಚ್ಚವ್ವ ಕೇಳಿದ್ದು ಹರಿಗೋಲು ದೂಡುವ ಗದ್ದಲದಲ್ಲಿ ಆತನಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಕೇಳಿಸಲಿಲ್ಲವೋ.

ಆಕೆ ಅಲ್ಲೇ ಕುಂತಳು. ಹೊಳೆಯ ಮೇಲಿನ ಗಾಳಿಗೆ ಹಾಡು ಹರಿದು ಹರಿದು ಬಂತು. ಜೈಕಾರ ಬಂತು. ಕರಿ ಬಂಡೆಯ ಮಗ್ಗುಲಲ್ಲಿ ಧ್ವಜ ಮೇಲೇರಿ ಪಟಪಟ ಬಡಿದುಕೊಂಡಿತು. ಚೊಲೊ ಆತು, ಅವನ ಹತ್ತಿರನ ಏರಿಸಿದರು, ನೋಡಿರತಾನ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ಬಹಳ ದಿನ ತನ್ನನ್ನೇ ಬೈದುಕೊಂಡಳು.

ಹೊತ್ತು ಇಳಿಯತೊಡಗಿತು. ಉಂಡವರೆಲ್ಲ ಕೈ ಒರೆಸಿಕೊಳ್ಳುತ್ತ ಸರತಿಯ ಮೇಲೆ ಸರತಿ ಮರಳಿ ಬಂದರು. ಹೊತ್ತು ಮುಳುಗುವುದರೊಳಗೆ ಧ್ವಜ ಇಳಿಸಿ, ಮಡಿಚಿ ತಂದು ಮನೆಗೆ ಮುಟ್ಟಿಸು ಎಂದು ದಸ್ತಗೀರಸಾಬನಿಗೆ ಹೇಳಿ ಗೌಡ ಹೊರಟುಹೋದ. ದಂಡೆಯಲ್ಲಿ ಬೇರೆ ಯಾರೂ ಉಳಿಯಲಿಲ್ಲ. ದಸ್ತಗೀರಸಾಬ ಹುಟ್ಟು ಊರಿ ಹರಿಗೋಲನ್ನು ದಂಡೆಗೆ ಒತ್ತಿ ಹಿಡಿದ.

“ಬಾ ತಂಗಿ. ಕುಂಡ್ರು. ಒಳಗ.”

ಎಲ್ಲಿ ಕಾಲಿಡಬೇಕು, ಎಲ್ಲಿ ಹಿಡಿಯಬೇಕು ಆಕೆಗೆ ತಿಳಿಯಲಿಲ್ಲ. ತನ್ನ ಕೈಯಾರೆ ಹೊಲಿದದ್ದರೊಳಗೆ ಕಳ್ಳಿಯ ಹಾಗೆ ಹತ್ತಿ, ಬುಟ್ಟಿಯನ್ನು ಮಡಿಲಿಗೆಳೆದುಕೊಂಡು ಮುದುಡಿ ಕುಂತಳು. ಹರಿಗೋಲು ಮಡುವಿಗೆ ಬಿದ್ದಾಗ ತೊಗಲಿನ ಕೆಳಗಿನಿಂದ ನೀರು ಒದೆಯುವುದು ತೊಡೆಗೆ ತಿಳಿಯಿತು. ಅಂಗೈ ಊರಿ ನೋಡಿದಳು. ತಣ್ಣಗೆ ಇತ್ತು, ಆದರೆ ಒದ್ದೆಯಾಗಲಿಲ್ಲ. ಇಷ್ಟೇ ಇಷ್ಟು ತೊಗಲು. ಈ ಮಗ್ಗುಲಿಗೆ ಕುಂತವರು ಬದುಕಿದರು, ಆ ಮಗ್ಗುಲಿಗೆ ಎದೆ ಹಚ್ಚಿದವನು ಹೋದ. ದಾರಿಯುದ್ದಕ್ಕೂ ಆಕೆ ಅಂಗೈ ತೆಗೆಯಲಿಲ್ಲ.

ದಿಬ್ಬ ಆಕೆ ಇಷ್ಟು ವರ್ಷ ದಂಡೆಯಿಂದ ನೋಡಿದ ದಿಬ್ಬವಾಗಿರಲಿಲ್ಲ. ಬಿಳಿ ಉಸುಕೆಲ್ಲ ತುಳಿದು ಕೆಸರಾಗಿತ್ತು. ಒಲೆ ಹೂಡಿದ ಕಲ್ಲುಗಳು ಇನ್ನೂ ಹೊಗೆಯಾಡುತ್ತಿದ್ದವು. ಎಲ್ಲಿ ನೋಡಿದಲ್ಲಿ ಎಂಜಲೆಲೆ. ಎಂದೂ ಕಾಗೆ ಕಾಣದ ಆ ಬೋಳು ಉಸುಕಿಗೆ ಊಟದ ವಾಸನೆ ಹಿಡಿದು ಎರಡೂ ದಂಡೆಯ ಕಾಗೆಗಳು ಬಂದಿದ್ದವು. ಎಲೆಯಿಂದ ಎಲೆಗೆ ಕುಪ್ಪಳಿಸಿ ತಿಂದು, ಹೊಟ್ಟೆ ಭಾರವಾಗಿ ಆಪಿನ ಮರೆಯಲ್ಲಿ ಕುಂತಿದ್ದವು.

ಹುಚ್ಚವ್ವ ಬಂಡೆಯ ಕಡೆ ನಡೆದಳು. ಕಲ್ಲಿನ ಒಟ್ಟಿಲನ್ನು ಹುಡುಕಿದಳು. ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಧ್ವಜದ ಕಂಬ ನಿಂತಿತ್ತು. ಕಂಬದ ಬುಡಕ್ಕೆ ಸುತ್ತಲೂ ಅಲುಗದ ಹಾಗೆ ಬಡಿದಿದ್ದ ಕಲ್ಲುಗಳು ತಿರಕಪ್ಪನ ಕಲ್ಲುಗಳೇ. ಅದರ ಮೇಲೆ ಎರಡು ದಂಡೆಯ ಮಣ್ಣು, ಕುಂಕುಮ, ಚೆಂಡುಹೂವು.

ದಸ್ತಗೀರಸಾಬ ಹಿಂದೆ ಬಂದು ನಿಂತ.

“ನಾ ಹೇಳಿದೆ ತಂಗಿ. ಗೌಡ್ರ, ಅಲ್ಲೆ ಮನಷಾ ಮಲಗ್ಯಾನ್ರಿ, ಬ್ಯಾಡ್ರಿ ಅಂದೆ. ಬ್ಯಾರೆ ಕಡೆ ಉಸುಕು, ಕಂಬ ನಿಲ್ಲಂಗಿಲ್ಲ ಅಂದ.”

ಹುಚ್ಚವ್ವ ತಿರುಗಿದಳು. ಮತ್ತೇನಂದ ಎಂದು ಕೇಳಿದಳು. ಅವನು ಹೇಳಲು ಮನಸ್ಸಿಲ್ಲದೆ ಹೇಳಿದ.

“‘ಮಲಗಿದ್ರ ಮಲಗಲಿ, ಧ್ವಜದ ಬುಡಕ ಮಲಗಾಕ ಪುಣ್ಯಾ ಮಾಡಿರಬೇಕು’ ಅಂದ.”

ಆಕೆ ಕಂಬದ ಮುಂದೆ ಕುಸಿದು ಕುಂತಳು. ಅಳು ಬರಲಿಲ್ಲ. ಎರಡು ಕೈಯಲ್ಲಿ ಕಂಬ ಹಿಡಿದು ಒಮ್ಮೆ ಅಲುಗಿಸಿದಳು. ಅದು ಅವನ ಎದೆಯ ಮಟ್ಟಕ್ಕೆ ಇಳಿದಿತ್ತೋ ಏನೋ. ಕಿತ್ತರೆ ಅದರ ಜೊತೆ ಏನು ಮೇಲೆ ಬರುತ್ತದೋ ಎಂದು ಹೆದರಿ ಕೈಬಿಟ್ಟಳು. ಹೂವು ಸರಿಸಿದಳು, ಕುಂಕುಮ ಒರೆಸಿದಳು. ಹಾಗೆ ಸರಿಸುವಾಗ ಬಂಡೆಯ ಸಂದಿಯಲ್ಲಿ ಒಂದು ಎಲೆಯ ಗಂಟು ಕಂಡಿತು. ಕೇರಿಯ ಮಣ್ಣು. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. ನಾಡಿನ ಮಣ್ಣು ಕಲಸುವವರು ಅದನ್ನು ಬಿಚ್ಚಿರಲೇ ಇಲ್ಲ.

ಹುಚ್ಚವ್ವ ಗಂಟು ಬಿಚ್ಚಿ, ತಮ್ಮ ಕೇರಿಯ ಕಪ್ಪು ಮಣ್ಣನ್ನು ಹಿಡಿಹಿಡಿಯಾಗಿ ಅವನ ಮೇಲೆ ಹಾಕಿದಳು. ಅದರ ಮೇಲೆ ಎಡೆ ಇಟ್ಟಳು. ಬೀಡಿ ಹೊತ್ತಿಸಿ ಪಕ್ಕಕ್ಕೆ ಚುಚ್ಚಿದಳು. ಸರಿದು ಕುಂತಳು.

ಕಾಗೆಗಳು ನೋಡಿದವು. ಒಂದೂ ಏಳಲಿಲ್ಲ. ಹೋಳಿಗೆ ತಿಂದು ತೇಗಿದ ಕಾಗೆಗಳಿಗೆ ರೊಟ್ಟಿ ಯಾಕೆ ಬೇಕು? ಆಕೆಗೂ ಅದು ಗೊತ್ತು. ಆದರೂ ರೂಢಿ ಬಿಡುವಂತಿಲ್ಲ. ಮಾತು ಕೊಡತೊಡಗಿದಳು. ದೇವವ್ವನ್ನ ಶಿಗ್ಲಿಗೆ ಕೊಟ್ಟೀನಿ, ಚೊಲೊ ಅದಾಳ, ನೀ ಚಿಂತಿ ಮಾಡಬ್ಯಾಡ ಎಂದಳು. ಲಕ್ಷ್ಮಪ್ಪ ನನ್ನ ಕೈಬಿಟ್ಟಿಲ್ಲ ಎಂದಳು. ಮನಿ ಸೋರತಿತ್ತು, ಹೊದಸೀವಿ ಎಂದಳು. ಕಾಗೆ ಬರಲಿಲ್ಲ. ನಾ ಒಳಗ ಕುಂತು ಬಂದೀನಿ ನೋಡು ಎಂದಳು. ಹೇಳುತ್ತಲೇ ಆ ಮಾತಿಗೆ ತನಗೇ ನಾಚಿಕೆಯಾಯಿತು. ಎಲ್ಲರೂ ಹೋದ ಮೇಲೆ, ಯಾರೂ ನೋಡದಾಗ ಕುಂತು ಬಂದದ್ದು ಅದು.

ಬಿಸಿಲು ಬಂಡೆಯ ನೆತ್ತಿ ಬಿಟ್ಟು ಇಳಿಯಿತು. ದಸ್ತಗೀರಸಾಬ ಧ್ವಜ ಇಳಿಸಿ, ಮಡಿಚಿ, ಹರಿಗೋಲಿನಲ್ಲಿಟ್ಟು ಬಂದ. ಬರಿಯ ಕಂಬ ಉಳಿಯಿತು. ಹುಚ್ಚವ್ವ ಸೊಂಟದಿಂದ ಆರಿ ತೆಗೆದು ಎಡೆಯ ಮುಂದೆ ಇಟ್ಟಳು.

“ಕೇಳಿಲ್ಲಿ. ನನ್ನನ್ನ ಒಳಗ ಕುಂಡ್ರಸಾಕ ನಾಚಾವರಿಗೆ ಇನ್ನ ಈ ಕೈ ತೊಗಲು ಹೊಲಿಯಂಗಿಲ್ಲ. ನಾನೂ ಹೊಲಿಯಂಗಿಲ್ಲ, ನಿನ್ನ ತಮ್ಮನೂ ಹೊಲಿಯಂಗಿಲ್ಲ. ನಿನ್ನ ಕಡೆ ನನಗ ಮತ್ತ ಬರಾಕ ಆಗದಿದ್ರೂ ಹೊಲಿಯಂಗಿಲ್ಲ.”

ಅಷ್ಟು ಹೇಳಿ ಎದ್ದಳು. ಎಡೆ ಇಟ್ಟು ಹೊರಟವರು ತಿರುಗಿ ನೋಡಬಾರದು. ಆಕೆ ನೋಡಲಿಲ್ಲ. ಹರಿಗೋಲಿನಲ್ಲಿ ದಂಡೆಗೆ ಮುಖ ಮಾಡಿ ಕುಂತಳು. ಎದುರಿಗೆ ಮಡಿಚಿದ ಧ್ವಜ. ಅದನ್ನು ಮುಟ್ಟಲಿಲ್ಲ. ಹುಟ್ಟು ಹಾಕುತ್ತಿದ್ದ ದಸ್ತಗೀರಸಾಬನ ಮುಖ ದಿಬ್ಬದ ಕಡೆಗಿತ್ತು. ಮಡುವಿನ ನಡುವೆ ಬಂದಾಗ ಅವನು ಹುಟ್ಟು ನಿಲ್ಲಿಸಿದ.

“ಮುಟ್ಟಿತು ತಂಗಿ. ಕಾಗಿ ಮುಟ್ಟಿತು.”

“ಖರೇನಣ್ಣಾ?”

“ನಾ ಯಾಕ ಸುಳ್ಳ ಹೇಳ್ಲಿ.”

ಆಕೆ ತಿರುಗಿ ನೋಡಲಿಲ್ಲ. ಸೆರಗು ಬಾಯಿಗೊತ್ತಿಕೊಂಡು, ಅವತ್ತು ಮೊದಲ ಸಲ ಅತ್ತಳು.

ಕಂಬದ ಮುಂದೆ ಹುಚ್ಚವ್ವ ಬಾಗಿದ್ದನ್ನು ಆಚೆ ದಂಡೆಯಿಂದ ಯಾರೋ ನೋಡಿದ್ದರಂತೆ. ವಾರದೊಳಗೆ ಮುಂಡರಗಿಯ ಸಭೆಯಲ್ಲಿ ಅಂದಪ್ಪಗೌಡ, ನಮ್ಮೂರ ಮಾದರ ಹೆಣ್ಣುಮಗಳು ಕೂಡ ಧ್ವಜಸ್ತಂಭಕ್ಕೆ ನೈವೇದ್ಯ ಕೊಟ್ಟಳು, ಇದೇ ಏಕತೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ.

ಆ ತೊಗಲು ಎರಡು ಮಳೆಗಾಲ ತಡೆಯಿತು. ಮೂರನೆಯದಕ್ಕೆ ಕೊಳೆಯಿತು. ತಳವಾರ ಬಂದ, ಗೌಡನೂ ಬಂದ. ಹುಚ್ಚವ್ವ ದೂರ ನಿಲ್ಲಲಿಲ್ಲ, ಹತ್ತಿರ ಬಂದು ಇಲ್ಲ ಎಂದಳು. ಒಳಗ ಕುಂಡ್ರಸ್ತೀನಿ ಅಂತ ಊರ ಮುಂದ ಹೇಳ್ರಿ, ಊರವರ ಜೊತೀಗೆ ಹಗಲೊತ್ತಿನಾಗ ಕುಂಡ್ರಸ್ರಿ, ಆಮ್ಯಾಲ ತೊಗಲಿನ ಮಾತು ಎಂದಳು. ಈ ಸಲ ಗೌಡ ನಗಲಿಲ್ಲ. ಕೇರಿಯವರಿಗೆ ಹೊಲದ ಕೆಲಸ ನಿಂತಿತು, ಅಂಗಡಿಯ ಉದ್ದರಿ ನಿಂತಿತು. ಮಕ್ಕಳು ಹಸಿದು ಅತ್ತಾಗ ಕೇರಿಯ ಹೆಂಗಸರೇ ಹುಚ್ಚವ್ವನನ್ನು ಬೈದರು. ಬೈದರೇ ಹೊರತು ಯಾರೂ ಆರಿ ಹಿಡಿಯಲಿಲ್ಲ. ಗೌಡ ಶಿರಹಟ್ಟಿಗೆ, ಲಕ್ಷ್ಮೇಶ್ವರಕ್ಕೆ ಆಳು ಕಳಿಸಿದ. ಸುದ್ದಿ ನೆಂಟರ ಬಾಯಿಂದ ಅಲ್ಲಿಗೆ ಮೊದಲೇ ಮುಟ್ಟಿತ್ತು. ತೊಗಲಿಲ್ಲ ಎಂದು ಕಳಿಸಿದರು. ಬಿದಿರಿನ ಬುಟ್ಟಿ ದಂಡೆಯ ಮೇಲೆ ಬೋರಲು ಬಿದ್ದಿತ್ತು.

ಆಮೇಲೆ ಯಾರೋ ಗದಗದ ಪೇಟೆಯಿಂದ ದಪ್ಪ ತಾಡಪತ್ರಿ ಬಟ್ಟೆ ತಂದರು. ಬುಟ್ಟಿಗೆ ಬಿಗಿದು ಡಾಂಬರು ಬಳಿದರು. ತೇಲಿತು. ಸುಲಿಯುವುದಿಲ್ಲ, ಹದ ಮಾಡುವುದಿಲ್ಲ, ಮಾದರ ಹಂಗೇ ಇಲ್ಲ ಎಂದು ಊರು ಸಮಾಧಾನದ ಉಸಿರು ಬಿಟ್ಟಿತು. ಒಳಗಿನವರು ಒಳಗೇ ಉಳಿದರು. ಹಿಂದೆ ಇಳಿಬಿಡುವ ಮಿಣಿ ಮಾತ್ರ ಹಳೆಯದೇ, ತಿರಕಪ್ಪನ ಕಾಲದ್ದೇ, ತೊಗಲಿನದೇ. ಕೇರಿಯ ಗಂಡಸರು ಅದನ್ನು ಮತ್ತೆ ಹಿಡಿಯಲಿಲ್ಲ. ಸುತ್ತಿಬಳಸಿ, ಆಗಷ್ಟೇ ಆಗಿದ್ದ ದೂರದ ಸೇತುವೆಯ ದಾರಿ ಹಿಡಿದರು.

ಹುಚ್ಚವ್ವ ದಿಬ್ಬಕ್ಕೆ ಮತ್ತೆ ಹೋಗಲಿಲ್ಲ. ದಂಡೆಗೆ ಮಾತ್ರ ಬರುತ್ತಿದ್ದಳು. ನೀರು ಇಳಿದಾಗ ಬಂಡೆಯ ಪಕ್ಕ ಆ ಕಂಬ ಕಾಣುತ್ತಿತ್ತು. ಮೊದಲ ಹೊಳೆಗೆ ವಾಲಿತ್ತು. ಕಲ್ಲಿನ ಗುರುತು ಹೋದ ಮೇಲೆ ಅವನ ಗುರುತು ಅದೊಂದೇ. ಯಾವುದನ್ನು ಕಂಡು ಹೊಟ್ಟೆ ಉರಿದಿತ್ತೋ ಅದನ್ನೇ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಳು. ಒಂದು ಮಳೆಗಾಲ ಕಂಬವನ್ನೂ ಒಯ್ದಿತು.

ಆ ವರ್ಷ ದೀಪಾವಳಿಯ ಅಮಾವಾಸ್ಯೆಗೆ ದಸ್ತಗೀರಸಾಬ ಕೇರಿಯ ಬಾಯಿಗೆ ಬಂದ. ಮುಪ್ಪಾಗಿದ್ದ, ಹುಟ್ಟನ್ನು ಬೇರೆಯವರಿಗೆ ಬಿಟ್ಟು, ತಾನು ಬರಿದೆ ಕುಂತು ದಾಟುತ್ತಿದ್ದ. ತಲೆಯ ರುಮಾಲು ಬಿಚ್ಚಿ ಗಂಟು ಮಾಡಿಕೊಂಡಿದ್ದ. ಗಂಟಿನ ತುಂಬ ಬಂಡೆಯ ಬುಡದ ಉಸುಕು. ಅದನ್ನು ಹುಚ್ಚವ್ವನ ಕೈಗಿಟ್ಟ. ಆಕೆ ಹಿತ್ತಲಲ್ಲಿ, ತೊಗಲು ನೆನೆಹಾಕುತ್ತಿದ್ದ ಹಳೆಯ ಬಾನಿ ಬೋರಲು ಹಾಕಿದ್ದ ಜಾಗದಲ್ಲಿ ಉಸುಕು ಹರವಿ, ಕೈಯಿಂದ ಸಮ ಮಾಡಿ, ಅದರ ಮೇಲೆ ಎಡೆ ಇಟ್ಟಳು. ಬೀಡಿ ಹೊತ್ತಿಸಿ ಚುಚ್ಚಿದಳು.

ಕೇರಿಯ ಕಾಗೆಗಳು ಎಡೆಯ ಹತ್ತಿರ ಇಳಿದವು. ಅವು ಹೋಳಿಗೆ ಉಂಡಿರಲಿಲ್ಲ.